ಮೂರು ಊರಿಗೆ ಒಂದೇ ತಂಡ

ಪಿ.ಟಿ. ಸರ್ ತೀರಿಕೊಂಡ ಸುದ್ದಿ ನನಗೆ ಮೂರು ಸಲ ಬಂತು. ಮೊದಲು ನಮ್ಮ ಶಹಾಪುರದ ಫುಟ್‌ಬಾಲ್ ಕ್ಲಬ್ಬಿನ ವಾಟ್ಸಾಪ್ ಗುಂಪಿನಲ್ಲಿ, 'ನಮ್ಮ ಸಂಸ್ಥಾಪಕರು ಇನ್ನಿಲ್ಲ' ಅಂತ. ಆಮೇಲೆ ಸುರಪುರದ ಗುಂಪಿನಲ್ಲಿ, ಅದೇ ಮಾತು, ಬೇರೆ ಫೋಟೋ. ನಾನು ಚಪ್ಪಲಿ ಮೆಟ್ಟಿಕೊಂಡು ಅಂಗಳಕ್ಕೆ ಇಳಿಯುವಷ್ಟರಲ್ಲಿ ಯಾದಗಿರಿಯವರೂ ಕಳಿಸಿದರು. ಮೂರೂ ಫೋಟೋಗಳಲ್ಲಿ ಅವರ ಹೆಗಲ ಮೇಲೆ ಶಾಲು, ಕೊರಳಲ್ಲಿ ಮಾಲೆ, ಮುಖದ ಮೇಲೆ ಬಸ್ಸು ತಪ್ಪಿಸಿಕೊಂಡವರ ಕಳೆ. ಮೂರೂ ಗುಂಪಿನಲ್ಲಿ ನೀವ್ಯಾಕಿದ್ದೀರಿ ಅಂತ ಯಾರಾದರೂ ಕೇಳಬಹುದು. ಒಂದರಲ್ಲಿ ಇಲ್ಲದೇ ಹೋದರೆ ಅಲ್ಲಿ ಏನು ನಡೆದಿದೆಯೋ ಅನ್ನುವ ಯೋಚನೆಗೆ ನನಗೆ ಊಟ ರುಚಿಸುವುದಿಲ್ಲ. ಅದಕ್ಕೆ.

ನಾನು ಜೀವವಿಮೆಯ ಏಜೆಂಟ. ಚಿಂತೆ ಮಾಡುವುದು ನನ್ನ ಸ್ವಭಾವ, ಚಿಂತೆ ಹಚ್ಚುವುದು ನನ್ನ ಕಸುಬು. ಎರಡೂ ಕೂಡಿ ಬಂದದ್ದರಿಂದ ಸಂಸಾರ ಹೇಗೋ ನಡೆದಿದೆ. ಸರ್ ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಈಗಾಗಲೇ ಅದು ಬೇಕಾದಷ್ಟು ಬ್ಯಾನರುಗಳ ಮೇಲಿದೆ. ಅಲ್ಲಿಂದಲೇ ಅದನ್ನು ಯಾರಾದರೂ ಇಳಿಸಿದ್ದರೆ ಚೆನ್ನಾಗಿತ್ತು ಅಂತ ಅನ್ನಿಸಿದ ಮೇಲೆ ಮತ್ತೊಂದು ಕಡೆ ಏರಿಸುವುದು ಸರಿಯಲ್ಲ.

ಅವರು ಶಹಾಪುರದ ಒಂದು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕರು. ಚಿಕ್ಕವರಿದ್ದಾಗ ಹೈದರಾಬಾದಿನಲ್ಲಿ ಓದಿದ್ದರಂತೆ. ಅಲ್ಲಿಂದ ಎರಡು ತಂದಿದ್ದರು. ಒಂದು ಫುಟ್‌ಬಾಲಿನ ಹುಚ್ಚು, ಇನ್ನೊಂದು, ಸ್ವಲ್ಪ ಅನ್ನುವುದಕ್ಕೆ 'ಜರಾ' ಅನ್ನುವ ಶಬ್ದ. 'ಜರಾ ಓಡು', 'ಜರಾ ನಿಂದ್ರು', 'ಜರಾ ವಿಚಾರ ಮಾಡ್ರಿ'. ಕೊರಳಲ್ಲಿ ಸೀಟಿ ಇರುತ್ತಿತ್ತು, ಹುಡುಗಿಯರನ್ನು ಆಡಿಸುವಾಗ ಊದಿದ್ದನ್ನು ನಾನು ಕಂಡಿಲ್ಲ. ಚಪ್ಪಾಳೆ ತಟ್ಟುತ್ತಿದ್ದರು. ಯಾಕ್ರಿ ಸರ್ ಅಂದರೆ, "ಸೀಟಿ ಕಂಡಕ್ಟರಂದು. ಊದಿದ್ರ ಹುಡುಗ್ಯಾರು ಇಳದು ಹೋಗ್ತಾರ" ಅನ್ನುತ್ತಿದ್ದರು.

ಮನುಷ್ಯರನ್ನು ಅವರು ಕಾಲಿನಿಂದ ಗುರುತಿಸುತ್ತಿದ್ದರು. ಒಮ್ಮೆ ಸಂತೆಯಲ್ಲಿ ನಾನು ಬದನೆಕಾಯಿ ಆರಿಸುತ್ತ ಕುಕ್ಕರಗಾಲಲ್ಲಿ ಕೂತಿದ್ದಾಗ ಹಿಂದಿನಿಂದ ದನಿ ಬಂತು: "ಏಜೆಂಟ್ರ, ನಿಮ್ಮ ಚಪ್ಪಲಿ ಹಿಮ್ಮಡದ ಕಡಿ ಭಾಳ ಸವದದ ನೋಡ್ರಿ."

"ಹೌದ್ರಿ ಸರ್, ಹೊಸಾವು ತಗೋಬೇಕು."

"ಹೊಸಾವೂ ಅಲ್ಲೇ ಸವೀತಾವ. ನೀವು ಯಾವಾಗ್ಲೂ ಹಿಂದಕ್ಕ ಸರೀತೀರಿ."

ಬದನೆಕಾಯಿ ಮಾರುವವಳು ನಕ್ಕಳು. ನಾನೂ ನಕ್ಕೆ. ಮನೆಗೆ ಬಂದು ಚಪ್ಪಲಿ ತಿರುಗಿಸಿ ನೋಡಿದೆ. ಮಾತು ಖರೆ ಇತ್ತು.

ಅವರು ನಮ್ಮ ಮನೆಗೆ ಮೊದಲ ಸಲ ಬಂದದ್ದು ಪಾಲಿಸಿ ಮಾಡಿಸಲಿಕ್ಕೆ ಅಂತ ನಾನು ತಿಳಿದಿದ್ದೆ. ಕುರ್ಚಿ ಒರೆಸಿ ಕೂಡಿಸಿ ಚಹಾ ತರಿಸಿದೆ. ಅವರು ಬಂದದ್ದು ಮಗಳನ್ನು ಕೇಳಲಿಕ್ಕೆ. "ನಿಮ್ಮ ಹುಡುಗಿ ಶಾಲಿಯಿಂದ ಮನಿತನ ಒಂದ ಕಲ್ಲು ಒದ್ಕೋತ ಬರ್ತಾಳ. ನೋಡೇನಿ. ಭಾನುವಾರ ಮೈದಾನಕ್ಕ ಕಳಸ್ರಿ." ನಾನು ನನ್ನ ಚಿಂತೆಗಳನ್ನು ಒಂದೊಂದಾಗಿ ಹೇಳಿದೆ. ನಮ್ಮ ಕಡೆಯ ಬಿಸಿಲು, ಹಲ್ಲು ಮುರಿಯುವುದು, ಕಾಲು ಉಳುಕುವುದು, ಚಡ್ಡಿ, ಚಡ್ಡಿ ನೋಡಿದರೆ ನಮ್ಮ ಅತ್ತೆಯವರ ರಕ್ತದೊತ್ತಡ. ಅವರು ಚಹಾ ಬಶಿಗೆ ಸುರುವಿಕೊಂಡು ಕುಡಿಯುತ್ತ ಎಲ್ಲ ಕೇಳಿದರು.

"ಮುಗೀತ್ರಿ?"

"ಇನ್ನೂ ಅದಾವ್ರಿ ಸರ್."

"ಉಳದದ್ದು ಮೈದಾನಕ್ಕ ಬಂದು ಹೇಳ್ರಿ. ನಮ್ಮ ಟೀಮಿಗಿ ಚಿಂತಿ ಮಾಡಾಕ ಒಬ್ರು ಬೇಕಾಗಿದ್ರು. ನನಗ ವ್ಯಾಳ್ಯಾ ಸಿಗಂಗಿಲ್ಲ."

ಹಾಗೆ ನಾನು ತಂಡ ಸೇರಿದೆ. ಮಗಳನ್ನು ನೆವ ಮಾಡಿ ಅವರು ಅಪ್ಪನನ್ನು ಹಿಡಿಯುತ್ತಿದ್ದರು ಅಂತ ತಿಳಿದದ್ದು ತಡವಾಗಿ. ಮೈದಾನಕ್ಕೆ ಹೋದರೆ ಅಲ್ಲಿ ಬ್ಯಾಂಕಿನ ಕ್ಯಾಶಿಯರು, ಕಿರಾಣಿ ಅಂಗಡಿಯವರು, ಟಂಟಂ ಓಡಿಸುವವರು ಎಲ್ಲರೂ ಸಾಲಾಗಿ ಬಗ್ಗಿಕೊಂಡು ನಡೆಯುತ್ತಿದ್ದಾರೆ. ಜಾಲಿಮುಳ್ಳು ಆರಿಸುತ್ತಿದ್ದಾರೆ! ಆಟಕ್ಕೆ ಮೊದಲು ಮೈದಾನದ ಈ ಕೊನೆಯಿಂದ ಆ ಕೊನೆಯ ತನಕ ಹುಡುಗಿಯರೂ ಅಪ್ಪಂದಿರೂ ಒಂದೇ ಸಾಲಿನಲ್ಲಿ ಮುಳ್ಳು ಹೆಕ್ಕಬೇಕು, ಇದು ಅವರ ಕಾಯಂ ಪದ್ಧತಿ. ಇದೇ ವಾರ್ಮಪ್ ಅಂತ ಹುಡುಗಿಯರಿಗೆ ಹೇಳುತ್ತಿದ್ದರು. ನನಗೆ ಬೇರೆ ಹೇಳಿದ್ದರು: "ಮಗಳ ಸಲುವಾಗಿ ಮುಳ್ಳು ಆರಿಸಿದ ಅಪ್ಪ ಆಕಿನ್ನ ನಡಬರಕ ಬಿಡಸಂಗಿಲ್ರಿ."

ಯಾದಗಿರಿ ಕಡೆಯಿಂದ, ಸುರಪುರ ಕಡೆಯಿಂದ ಹುಡುಗಿಯರು ಬಸ್ಸಿನಲ್ಲಿ ಬರುತ್ತಿದ್ದರು. ಶಹಾಪುರ ನಡುವೆ ಇರುವುದರಿಂದ ಮೈದಾನ ಇಲ್ಲಿ, ಅಷ್ಟೇ. ಸರ್ ಬಸ್ ಸ್ಟ್ಯಾಂಡಿನಲ್ಲಿ ನಿಂತು ಇಳಿಸಿಕೊಳ್ಳುವರು, ಸಂಜೆ ಹತ್ತಿಸಿ ಕಂಡಕ್ಟರಿಗೆ ಒಪ್ಪಿಸುವರು. ಹುಡುಗಿಯರನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಊರು ಹಿಡಿದು ಕರೆಯುತ್ತಿದ್ದರು. "ಏ ಮುದನಾಳ, ಜರಾ ಎಡಕ್ಕ! ಏ ಕೊಡೇಕಲ್, ಕೊಡು ಕೊಡು!" ಊರಿಗೆ ಊರೇ ಓಡುತ್ತಿದೆ ಅನ್ನಿಸುತ್ತಿತ್ತು. ನನ್ನ ಮಗಳು ಶಹಾಪುರದವಳೇ, ಬ್ಯಾಕ್ ಆಡುತ್ತಿದ್ದಳು. ಅವಳಿಗೆ ಊರು ಸಿಗಲಿಲ್ಲ, 'ಏಜೆಂಟ್' ಅಂತಲೇ ಕರೆದರು. ಚೆಂಡು ಬಂದರೆ ಅವಳೂ ಹಿಂದಕ್ಕೆ ಸರಿಯುತ್ತಿದ್ದಳು. ರಕ್ತ ಬಿಡುತ್ತದೆಯೇ!

ಮುದನಾಳ ಅಂದರೆ ರೇಣುಕಾ, ಅಂಗನವಾಡಿ ಸಹಾಯಕಿಯ ಮಗಳು. ಕೊಡೇಕಲ್ ಅಂದರೆ ಸುಜಾತಾ, ಅವಳ ಅಪ್ಪನಿಗೆ ಸ್ವಲ್ಪ ಹೊಲ, ಮೆಣಸಿನಕಾಯಿ ಹಾಕುತ್ತಿದ್ದ. ಇವರಿಬ್ಬರ ಆಟ ನೋಡಿದರೆ ನನ್ನಂಥವನೂ ಚಿಂತೆ ಮರೆಯುತ್ತಿದ್ದ. ರೇಣುಕಾ ತಲೆ ಎತ್ತದೆ ಚೆಂಡನ್ನು ಖಾಲಿ ಜಾಗಕ್ಕೆ ಒದೆಯುತ್ತಿದ್ದಳು. ಅಯ್ಯೋ, ಯಾರೂ ಇಲ್ಲದ ಕಡೆ ಒದ್ದಳಲ್ಲ ಅಂತ ನಾವು ಅನ್ನುವಷ್ಟರಲ್ಲಿ ಅಲ್ಲಿ ಸುಜಾತಾ ಇರುತ್ತಿದ್ದಳು. ಹೇಗೆ ತಿಳಿಯುತ್ತದವ್ವಾ ನಿನಗೆ ಅಂದರೆ, "ಗೊತ್ತಿಲ್ರಿ ಕಾಕಾ, ಆಕಿ ಕೊಡ್ತಾಳಂತ ಅನಿಸ್ತದ, ಓಡ್ತೀನಿ" ಅನ್ನುತ್ತಿದ್ದಳು. ಸರ್ ಇವರಿಬ್ಬರು ಆಡುವಾಗ ಚಪ್ಪಾಳೆ ತಟ್ಟುವುದನ್ನೂ ಬಿಟ್ಟು ಸುಮ್ಮನೆ ನಿಲ್ಲುತ್ತಿದ್ದರು. "ಇವರಿಬ್ರನ್ನ ರಾಜ್ಯದ ತಂಡಕ್ಕ ಆರಿಸೋರು ಒಮ್ಮಿ ಕೂಡೇ ನೋಡಬೇಕು ಏಜೆಂಟ್ರ. ಕೂಡೇ. ಅಷ್ಟಾದ್ರ ನನ್ನ ಕೆಲಸ ಮುಗೀತು."

ಒಂದು ವರ್ಷ ಆ ಮಾತು ಹತ್ತಿರ ಬಂತು. ಕಲಬುರಗಿಯಲ್ಲಿ ನಡೆದ ಟೂರ್ನಮೆಂಟಿನಲ್ಲಿ ನಮ್ಮ ಹುಡುಗಿಯರು ಕಪ್ಪು ಗೆದ್ದರು. ಆ ವರ್ಷ ಆರಿಸುವವರು ಬಂದಿರಲಿಲ್ಲ, ಬರುವ ವರ್ಷ ಫೈನಲ್ ದಿವಸ ಬರುತ್ತೇವೆ ಅಂತ ಹೇಳಿಕಳಿಸಿದ್ದರು. ಇನ್ನೇನು ಬೇಕು! ಕಪ್ಪನ್ನು ಶಹಾಪುರದಲ್ಲಿ ತೆರೆದ ಜೀಪಿನಲ್ಲಿ ಮೆರೆಸಿದೆವು. ಯಾದಗಿರಿಯವರು ಕೇಳಿ ಒಯ್ದು ಸ್ಟೇಷನ್ ರೋಡಿನಲ್ಲಿ ಮೆರೆಸಿದರು. ಸುರಪುರದವರು ಹಲಗೆ ಬಾರಿಸುತ್ತ ಮೆರೆಸಿದರು. ಪ್ರತಿಯೊಂದು ಊರಲ್ಲೂ ಜನ ಕೂಗಿದ್ದು ತಂಡದ ಹೆಸರನ್ನಲ್ಲ, ತಮ್ಮ ಊರಿನ ಹೆಸರನ್ನು.

ಕೆಡುಕು ಶುರುವಾದದ್ದು ಅಲ್ಲಿ. ಗೋಲು ಹೊಡೆದವಳು ನಮ್ಮ ಕಡೆಯವಳು, ಕಪ್ಪು ಶಹಾಪುರದ ಕಪಾಟಿನಲ್ಲಿ ಯಾಕೆ ಅಂತ ಸುರಪುರದವರು. ಜಿಲ್ಲಾ ಕೇಂದ್ರ ನಮ್ಮದು, ಕ್ಲಬ್ಬು ಅಲ್ಲಿ ಯಾಕೆ ಅಂತ ಯಾದಗಿರಿಯವರು. ಮೈದಾನ ನಮ್ಮದು, ಸರ್ ನಮ್ಮವರು ಅಂತ ನಾವು. ಯಾದಗಿರಿಯ ಒಬ್ಬ ಸಿಮೆಂಟು ವ್ಯಾಪಾರಿ ಒಂದು ದಿನ ಶಹಾಪುರದ ಹೋಟೆಲಿನಲ್ಲಿ ನನ್ನ, ಸರ್ ಅವರ ಎದುರು ಕೂತು, ಮಂಡಕ್ಕಿ ಮಿರ್ಚಿ ತರಿಸಿ, ಪ್ರೀತಿಯಿಂದಲೇ ಹೇಳಿದ:

"ಸರ್ರ, ದೊಡ್ಡ ಶಹರದಾಗ ಗಲ್ಲಿಗೊಂದು ಕ್ಲಬ್ ಇರ್ತಾವ. ನಮ್ಮಲ್ಲಿ ಮೂರು ಊರಿಗಿ ಒಂದಂದ್ರ ನಾಚಿಕಿ ಅಲ್ಲೇನ್ರಿ? ಮೂರು ಮಾಡೂನು. ಮೂರೂ ಎಲೀಟ್ ಮಾಡೂನು."

"ಎಲೀಟ್ ಅಂದ್ರ ಏನ್ರಿ?"

ವ್ಯಾಪಾರಿ ನನ್ನ ಕಡೆ ನೋಡಿದ. ನಾನು, "ಆರಿಸಿ ತಗದ ಚಲೋ ಆಟಗಾರರು ಅಂತ ಇರಬೇಕ್ರಿ" ಅಂದೆ.

"ಆರಿಸಾಕ ಮಂದಿ ಬೇಕಲ್ರೀ" ಅಂದರು ಸರ್. "ಜರಾ ವಿಚಾರ ಮಾಡ್ರಿ ಸಾಹುಕಾರ್ರ. ಎಷ್ಟು ಕ್ಲಬ್ ನಡೀತಾವ ಅನ್ನೋದು ಹುಡುಗ್ಯಾರ ಲೆಕ್ಕ ಅಲ್ಲ, ಅಪ್ಪಂದಿರ ಲೆಕ್ಕ. ಬೆಳೆದ ಮಗಳನ್ನ ಭಾನುವಾರ ಬಸ್ ಹತ್ತಿಸಿ ಚೆಂಡು ಒದ್ದು ಬಾ ಅಂತ ಕಳಸೋ ಅಪ್ಪಂದಿರು ಈ ಮೂರು ತಾಲೂಕಿನಾಗ ಎಷ್ಟು ಮಂದಿ ಅದಾರ? ಮನಿಮನಿ ತಿರಗೇನಿ, ನನಗ ಗೊತ್ತದ. ಬರಾಬರ್ ಒಂದ ಟೀಮಿಗಿ ಆಗೋವಷ್ಟು. ಅದರಾಗೂ ಈ ಏಜೆಂಟ್ರು ಅರ್ಧ."

ಎಲ್ಲರೂ ನಕ್ಕರು. ವ್ಯಾಪಾರಿ ನನ್ನ ಬೆನ್ನು ಚಪ್ಪರಿಸಿ, "ಸರ್ ಮಾತಂದ್ರ ಮಾತು" ಅಂದ. ಮುಂದಿನ ವಾರ ಯಾದಗಿರಿಯಲ್ಲಿ ಕ್ಲಬ್ಬಿನ ಉದ್ಘಾಟನೆ ಇಟ್ಟ. ಹೆಸರಿನಲ್ಲಿ ಎಲೀಟ್ ಇತ್ತು. ಕೆಲ ದಿನಗಳಲ್ಲಿ ಸುರಪುರದ್ದೂ ಆಯಿತು, ಅದರಲ್ಲೂ ಎಲೀಟ್ ಇತ್ತು. ಶಹಾಪುರದವರು ಹಳೆಯ ಬೋರ್ಡಿಗೆ ಪೇಂಟರನ್ನು ಕರೆಸಿ ಎಲೀಟ್ ಬರೆಸಿದರು. ಕಾರ್ಯದರ್ಶಿ ನಾನು. ಬೇಡ ಅಂದರೆ ಏನು ತಿಳಿದುಕೊಳ್ಳುತ್ತಾರೋ ಅಂತ ಒಪ್ಪಿದ್ದೆ.

ಇದರಲ್ಲಿ ಯಾರೂ ಸರ್ ಅವರಿಗೆ ದ್ರೋಹ ಬಗೆಯಲಿಲ್ಲ, ಇದು ತಿಳಿಯಬೇಕಾದ ಮಾತು. ಮೂರೂ ಕಡೆ ಅವರೇ ಗೌರವ ಸಂಸ್ಥಾಪಕರು. ಮೂರೂ ಕಡೆ ಅವರನ್ನು ಕಾರು ಕಳಿಸಿ ಕರೆಸಿದರು, ಮೇಲಿನ ಕುರ್ಚಿಯಲ್ಲಿ ಕೂಡಿಸಿದರು, ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ನಿರೂಪಕರು 'ಈ ಭಾಗದ ಫುಟ್‌ಬಾಲಿನ ಭೀಷ್ಮ' ಅಂದರು. ಅವರಿಗಿದ್ದದ್ದು ಒಂದೇ ತಂಡದ ಆಸೆ. ಆ ತಂಡವನ್ನು ಮೂರು ಪಾಲು ಮಾಡಿ ಮೂರನ್ನೂ ಅವರ ಪಾದಕ್ಕೇ ಅರ್ಪಿಸಿದೆವು. ನಮ್ಮ ಮಂದಿಗೆ ಭಕ್ತಿ ಬಂದರೆ ಹೀಗೇ.

"ತಪ್ಪು ನಂದೇ ಏಜೆಂಟ್ರ" ಅಂದಿದ್ದರು ಒಮ್ಮೆ, ಬುಟ್ಟಿಯೊಳಗಿನ ಮೋಸಂಬಿ ಸುಲಿದು ನನಗೆ ಅರ್ಧ ಕೊಡುತ್ತ. "ಊರ ಹೆಸರು ಹಿಡದು ಕರದೆ. ಊರಾಗ ಅಭಿಮಾನ ಬರಲಿ, ಹುಡುಗೀನ ಬಿಡಸಬಾರದಂತ. ಅಭಿಮಾನ ಬಂತು ನೋಡ್ರಿ. ಈಗ ಊರೇ ಬಂದು ಹುಡುಗೀನ ತಿರುಗಿ ಕೇಳಾಕತ್ಯಾವ."

ಮರುವರ್ಷ ಕಲಬುರಗಿಗೆ ನಮ್ಮ ಕಡೆಯಿಂದ ಮೂರು ತಂಡ ಹೋದವು. ಯಾವುದರಲ್ಲೂ ಹನ್ನೊಂದು ಮಂದಿ ಆಡುವವರಿರಲಿಲ್ಲ. ಉಳಿದ ಜಾಗಕ್ಕೆ ಅಕ್ಕತಂಗಿಯರನ್ನು, ಅವರ ಗೆಳತಿಯರನ್ನು ನಿಲ್ಲಿಸಿದ್ದೆವು. ನಮ್ಮ ಗೋಲ್‌ಕೀಪರ್ ಹುಡುಗಿ ಚೆಂಡು ಬಂದಾಗ ಕಣ್ಣು ಮುಚ್ಚುತ್ತಿದ್ದಳು. ಮೊದಲ ಸುತ್ತಿನಲ್ಲೇ ಯಾದಗಿರಿಗೂ ಸುರಪುರಕ್ಕೂ ಪಂದ್ಯ ಬಿತ್ತು. ರೇಣುಕಾ ಒಂದು ಕಡೆ, ಸುಜಾತಾ ಇನ್ನೊಂದು ಕಡೆ. ರೇಣುಕಾ ಹಳೆಯ ರೂಢಿಯಂತೆ ತಲೆ ಎತ್ತದೆ ಖಾಲಿ ಜಾಗಕ್ಕೆ ಒದ್ದಳು. ಸುಜಾತಾ ಹಳೆಯ ರೂಢಿಯಂತೆ ಓಡಿ ಹೋಗಿ ಹಿಡಿದಳು. ಹಿಡಿದ ಮೇಲೆ ಇಬ್ಬರಿಗೂ ನೆನಪಾಯಿತು, ಈಗ ತಂಡ ಬೇರೆ ಅಂತ. ಮೈದಾನದಲ್ಲಿ ನಗು ಎದ್ದಿತು. ಸರ್ ನಗಲಿಲ್ಲ. ಆ ಪಂದ್ಯ ಸುರಪುರ ಗೆದ್ದು ಮುಂದಿನದರಲ್ಲಿ ಸೋತಿತು. ನಾವು ಎಲ್ಲರಿಗಿಂತ ಮೊದಲು ಸೋತಿದ್ದೆವು. ಆರಿಸುವವರು ಮಾತು ಕೊಟ್ಟಂತೆ ಫೈನಲ್ ದಿವಸ ಬಂದರು. ಅಷ್ಟೊತ್ತಿಗೆ ನಮ್ಮ ಹುಡುಗಿಯರು ತಂತಮ್ಮ ಊರಲ್ಲಿದ್ದರು.

ಆಮೇಲೆ ಸರ್ ಒಂದು ಕೊನೆಯ ಪ್ರಯತ್ನ ಮಾಡಿದರು. ಆಗಲೇ ನಿವೃತ್ತರಾಗಿದ್ದರು, ಸಕ್ಕರೆ ಕಾಯಿಲೆ ಕಾಲಿಗೆ ಇಳಿದಿತ್ತು. ಮೂರೂ ಕ್ಲಬ್ಬಿನ ಪದಾಧಿಕಾರಿಗಳನ್ನು ಶಹಾಪುರದ ಒಂದು ಸಭಾಭವನದಲ್ಲಿ ಕೂಡಿಸಿದರು. ನಿಂತುಕೊಂಡೇ ಮಾತಾಡಿದರು. "ಕ್ಲಬ್ ಮೂರೂ ಇರಲಿ. ಬೋರ್ಡ್ ಇರಲಿ, ಅಧ್ಯಕ್ಷರಿರಲಿ. ಕಲಬುರಗಿಗಿ ಹೋಗುವಾಗ ಮಾತ್ರ ಒಂದ ಟೀಮ್ ಕಳಸ್ರಿ. ಆ ಇಬ್ರು ಹುಡುಗ್ಯಾರಿಗಿ ಹದಿನೇಳು ತುಂಬತದ. ತುಂಬಿದ ಮ್ಯಾಲ ಈ ತಂಡದಾಗ ಆಡಾಕ ಬರಂಗಿಲ್ಲ. ನನ್ನ ಸಲುವಾಗಿ ಬ್ಯಾಡ, ಅವರ ಸಲುವಾಗಿ."

ಎಲ್ಲರ ಕಣ್ಣೂ ಒದ್ದೆಯಾದವು. "ಸರ್ ಹೇಳಿದ ಮ್ಯಾಲ ಮುಗೀತ್ರೀ" ಅಂತ ಸಿಮೆಂಟು ವ್ಯಾಪಾರಿ ಎದ್ದು ಕೈಮುಗಿದ. ಸುರಪುರದವರೂ ಮುಗಿದರು. ನಾನು ಜೀವನದಲ್ಲಿ ಮೊದಲ ಸಲ ಚಿಂತೆ ಇಲ್ಲದೆ ಒಂದು ಕಪ್ ಚಹಾ ಕುಡಿದೆ. ಚಹಾ ಮುಗಿಯುವುದರೊಳಗೆ ಯಾರೋ, ಜರ್ಸಿಯ ಎದೆ ಮೇಲೆ ಯಾವ ಊರು ಬರೀಬೇಕ್ರಿ ಅಂದರು. ಮೂರೂ ಬರೀರಿ ಅಂದರೆ, ಮೊದಲು ಯಾವುದು ಅಂದರು. ಬ್ಯಾನರಿನಲ್ಲಿ ಯಾರ ಫೋಟೋ ನಡುವೆ ಅಂದರು. ದನಿಗಳು ಏರಿದವು. ಸರ್ ಮಾತಾಡಲಿಕ್ಕೆ ಮತ್ತೆ ಎದ್ದರು. ಅಷ್ಟರಲ್ಲಿ ಯಾರಿಗೋ ಕಾರ್ಯಕ್ರಮ ಕೆಡುತ್ತಿದೆ ಅನ್ನಿಸಿರಬೇಕು, "ಮೊದಲು ಸನ್ಮಾನ ಮುಗಿಸೂನ್ರಿ" ಅಂತ ಕೂಗಿದರು. ತಂದಿದ್ದ ಶಾಲುಗಳನ್ನೆಲ್ಲ ಒಂದರ ಮೇಲೊಂದು ಹೊದಿಸಿದರು. ಚಪ್ಪಾಳೆ, ಫೋಟೋ. ಫೋಟೋ ಆದ ಮೇಲೆ ಎಲ್ಲರೂ ಊಟಕ್ಕೆ ಎದ್ದರು. ಏನೂ ತೀರ್ಮಾನವಾಗಲಿಲ್ಲ.

ಅವರನ್ನು ಮನೆಗೆ ಬಿಡಲಿಕ್ಕೆ ನನ್ನ ಗಾಡಿಯ ಹಿಂದೆ ಕೂಡಿಸಿಕೊಂಡೆ. ಬೀಳುತ್ತಾರೇನೋ ಅಂತ ಎತ್ತಿನ ಬಂಡಿಗಿಂತ ಮೆಲ್ಲಗೆ ಓಡಿಸಿದೆ. ಅವರು ಹಿಂದಿನಿಂದ ಹೇಳಿದರು: "ಶಾಲು ಹೊದಿಸಿದ ಮ್ಯಾಲ ಮನುಷ್ಯಾ ಮಾತಾಡಂಗಿಲ್ಲ ನೋಡ್ರಿ ಏಜೆಂಟ್ರ. ಅದಕ್ಕ ಹೊದಸ್ತಾರ."

ಆಮೇಲೆ ಅವರು ಮೈದಾನಕ್ಕೆ ಬರಲಿಲ್ಲ. ಡಾಕ್ಟರು ಕಾಲಿನ ಬೆರಳು ತೆಗೆದರು, ಆಮೇಲೆ ಪಾದ. ಎಲ್ಲರನ್ನೂ ಕಾಲಿನಿಂದ ಗುರುತಿಸುತ್ತಿದ್ದ ಮನುಷ್ಯನ ಕಾಲು. ನಾನು ನೋಡಲಿಕ್ಕೆ ಹೋದಾಗ ಚಾದರ ಎಳೆದು ಮುಚ್ಚಿಕೊಂಡು, "ವಿಮಾ ಇದಕ್ಕ ಬರ್ತದೇನ್ರಿ?" ಅಂತ ನಕ್ಕರು. ನಾನು ನಗಲಿಕ್ಕೆ ಹೋಗಿ ಕೆಮ್ಮಿದೆ. ಮುದನಾಳ ಹೇಗಿದ್ದಾಳೆ, ಕೊಡೇಕಲ್ ಆಟ ಬಿಟ್ಟಳೇನು ಅಂತ ಕೇಳಿದರು. ಬಿಟ್ಟಿಲ್ಲ ಅಂದೆ. ಬರುವಾಗ ಮತ್ತೆ ಅದನ್ನೇ ಕೇಳಿದರು.

ಅವರು ತೀರಿಕೊಂಡ ದಿನ, ಹೊಲದಲ್ಲಿ ಮಣ್ಣು ಮಾಡುವುದೆಂದು ನಿಶ್ಚಯವಾಗಿತ್ತು. ಅದಕ್ಕೆ ಮೊದಲು ಮನೆ ಮುಂದೆ ಮಂಚದ ಮೇಲೆ ಮಲಗಿಸಿದ್ದರು. ಬೇಸಿಗೆಯ ಕೊನೆ, ಗುಡ್ಡದ ಕಲ್ಲು ಕಾದು ಗಾಳಿಯೇ ಉರಿಯುತ್ತಿತ್ತು. ಮೂರೂ ಕ್ಲಬ್ಬಿನವರು ಒಂದೊಂದು ಹೊಸ ಜರ್ಸಿ ತಂದಿದ್ದರು. ಒಬ್ಬರು ಹೊದಿಸಿದರು, ಅದರ ಮೇಲೆ ಇನ್ನೊಬ್ಬರು. ಯಾರದು ಮೇಲೆ ಕಾಣಬೇಕು ಅಂತ ಸಣ್ಣ ದನಿಯಲ್ಲಿ ವಾದ ಶುರುವಾಯಿತು. ಸಾವಿನ ಮನೆ ಅಂತ ಸಣ್ಣ ದನಿ, ಅಷ್ಟೇ. ಅವರ ಹೆಂಡತಿ ತಲೆಯ ಹತ್ತಿರ ಕೂತಿದ್ದರು. ಸೆರಗಿನಿಂದ ಗಾಳಿ ಹಾಕುತ್ತಿದ್ದರು, ಹೋದವರಿಗೇ. ಕೈ ನಿಲ್ಲಿಸದೆ ಅಂದರು:

"ತಗೀರಿ ಎಲ್ಲಾ. ಅವರಿಗಿ ಸೆಕಿ ಆಗ್ತದ."

ಎಲ್ಲರೂ ತಂತಮ್ಮ ಜರ್ಸಿಗಳನ್ನು ತೆಗೆದು ಮಡಚಿಕೊಂಡರು.

ಕೆಲ ದಿನಗಳ ಮೇಲೆ ಶ್ರದ್ಧಾಂಜಲಿ ಸಭೆ ನಡೆಯಿತು. ಸರ್ ನೆನಪಿಗೆ ಟೂರ್ನಮೆಂಟ್ ನಡೆಸಬೇಕು ಅನ್ನುವುದರಲ್ಲಿ ಎರಡು ಮಾತಿರಲಿಲ್ಲ. ಪ್ರತಿ ಕ್ಲಬ್ಬೂ ಒಂದು ಕಪ್ಪು ಘೋಷಿಸಿತು. ಕೊನೆಗೆ ಹುಣಸಗಿಯಿಂದ ಬಂದ ಒಬ್ಬ ಯುವಕ ಎದ್ದು, "ನಮ್ದೂ ಈಗ ತಾಲೂಕ ಆಗ್ಯಾದ್ರಿ. ಸರ್ ಹೆಸರಿಲೆ ನಾವೂ ಒಂದು ಕ್ಲಬ್ ತಗೀತೀವಿ. ಕೊಡೇಕಲ್ ನಮ್ಮ ತಾಲೂಕಿಗಿ ಬರ್ತದ, ಹಂಗಾಗಿ ಆ ಹುಡುಗಿ ನಮ್ಮಾಕಿ" ಅಂದ. ಎಳೆಯ ಹುಡುಗ, ಮನಸಾರೆ ಹೇಳುತ್ತಿದ್ದ. ಜನ ಚಪ್ಪಾಳೆ ತಟ್ಟಿದರು. ಕಾರ್ಯದರ್ಶಿ ಅಂತ ನಾನೂ ತಟ್ಟಿದೆ.

ರೇಣುಕಾ, ಸುಜಾತಾ ಇಬ್ಬರೂ ಬಂದಿದ್ದರು. ಹಿಂದಿನ ಸಾಲಿನಲ್ಲಿ ಒಂದೇ ಕುರ್ಚಿಯ ಎರಡು ತುದಿಗೆ ಕೂತಿದ್ದರು. ಅವರನ್ನು ಮಾತಾಡಲಿಕ್ಕೆ ಯಾರೂ ಕರೆಯಲಿಲ್ಲ. ಸಭೆ ಮುಗಿದ ಮೇಲೆ ಹುಡುಗಿಯರಿಬ್ಬರೇ ಹೋಗುತ್ತಾರಲ್ಲ ಅಂತ ಬಸ್ ಸ್ಟ್ಯಾಂಡಿನ ತನಕ ಹೋದೆ. ಒಬ್ಬಳ ಬಸ್ಸು ಆ ಕಡೆ, ಒಬ್ಬಳದು ಈ ಕಡೆ. ಇಬ್ಬರಿಗೂ ಇದೇ ಕೊನೆಯ ವರ್ಷ. ಕಲ್ಲುಬೆಂಚಿನ ಮೇಲೆ ಕೂತು ಒಂದೇ ಪೊಟ್ಟಣದಲ್ಲಿ ಶೇಂಗಾ ತಿಂದರು. ನಾನು ಕಬ್ಬಿಣದ ಕಂಬದಂತೆ ಪಕ್ಕದಲ್ಲಿ ನಿಂತಿದ್ದೆ.

"ಬರೋ ತಿಂಗಳ ನಿಮ್ಮ ಕೂಡ ಅದ ನಮ್ಮ ಮ್ಯಾಚ್" ಅಂದಳು ರೇಣುಕಾ. "ಯಾರೂ ಬರಂಗಿಲ್ಲ ನೋಡಾಕ. ಆದ್ರೂ ಚಂದ ಆಡೂನು. ನೀ ನನ್ನ ಕಾಲಾಗಿಂದು ಚೆಂಡು ಕಸ್ಗೊ ನೋಡೂನು."

"ಕಸ್ಗೊಂತೀನಿ ಬಿಡು, ಅದೇನು ದೊಡ್ಡ ಮಾತಲ್ಲ" ಅಂದಳು ಸುಜಾತಾ. ಸುರಪುರದ ಬಸ್ಸು ಒಳಗೆ ಬಂತು. ಅವಳು ಎದ್ದು ಲಂಗದ ಮೇಲಿನ ಸಿಪ್ಪೆ ಝಾಡಿಸಿಕೊಂಡಳು. "ಕಸ್ಗೊಂಡು ಯಾರಿಗಿ ಕೊಡ್ಲಿ?"